ಚಾರಣಿಗರಿಗೊಂದು ಜಗಲಿ

ಕಳೆದ ವರ್ಷ ಫೆಬ್ರವರಿಯ ಮೊದಲ ಭಾನುವಾರ ಬೆಳಗ್ಗೆ, ದಿಲ್ಲಿಯ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ನನ್ನ ಗಂಡ ದಿವಾಕರ್ ಉಪ್ಪಿಟ್ಟು ತಿನ್ನುತ್ತ, ಹಿಮಾಲಯದ ಒಂದು ದೂರದ ಕಣಿವೆಯಲ್ಲಿ ಚಾರಣಿಗರಿಗಾಗಿ ಪರಿಸರಸ್ನೇಹಿ ತಂಗುದಾಣವೊಂದನ್ನು ವಿನ್ಯಾಸ ಮಾಡುವುದಾಗಿ ಪ್ರಕಟಿಸಿದರು. ಪ್ರಕಟಣೆಯ ಹೊತ್ತಿಗೆ ಅವರು ಒಂದರ ಮೇಲೊಂದು ಸ್ವೆಟರ್ ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು, ಹೀಟರನ್ನು ಕಾಲ ಬಳಿಗೆ ಎಳೆದುಕೊಂಡಿದ್ದರು. ಅವರು ಈವರೆಗೆ ಯಾವುದೇ ಬೆಟ್ಟ ಹತ್ತಿದ ದಾಖಲೆಯಿಲ್ಲ. ನಮ್ಮ ಮನೆಗೆ ಮೆಟ್ಟಿಲು ಹತ್ತುವಾಗಲೂ ಕೆಳಗಿನ ಮಹಡಿಯವರ ಬಾಗಿಲಲ್ಲಿ ನಿಂತು, ಅವರ ತುಳಸಿ ಗಿಡದ ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಆ ಗಿಡ ಒಣಗಿ ಬಹಳ ಕಾಲವಾಯಿತು. ವಿಚಾರಣೆ ಮಾತ್ರ ನಿಂತಿಲ್ಲ.

ನಾನು ಒಂದು ಸುದ್ದಿಸಂಸ್ಥೆಯಲ್ಲಿ ವರದಿ ತಿದ್ದುವ ಕೆಲಸ ಮಾಡುವವಳು. ವರದಿಗಾರರು ಬರೆದು ಕಳಿಸಿದ ವಿಶೇಷಣಗಳನ್ನು ಹೊಡೆದು ಹಾಕುವುದು, 'ಹೀಗೆಂದು ಯಾರು ಹೇಳಿದರು?' ಎಂದು ಕೇಳುವುದು, ಉತ್ತರ ಬರುವ ತನಕ ಕಾಯುವುದು, ಇಷ್ಟೇ ನನ್ನ ಉದ್ಯೋಗ. ಈ ಅಭ್ಯಾಸವನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು ಮನೆಯೊಳಗೆ ಬರಲು ನನಗೆ ಸಾಧ್ಯವಾಗಿಲ್ಲ. ಮೇಲಿನ ಮನೆಯವರು ಬಹಳ ಒಳ್ಳೆಯವರು ಎಂದು ಯಾರಾದರೂ ಹೇಳಿದರೆ, ಯಾವ ಆಧಾರದ ಮೇಲೆ ಎಂದು ಕೇಳಿಬಿಡುತ್ತೇನೆ. ಸಾರು ಚೆನ್ನಾಗಿದೆ ಎಂದವರನ್ನೂ ಬಿಡುವುದಿಲ್ಲ, ಯಾವತ್ತಿನದಕ್ಕಿಂತ ಎಂದು ವಿಚಾರಿಸುತ್ತೇನೆ. ಇಂಥವಳ ಜೊತೆ ಬಾಳುವುದು ಸುಖವಲ್ಲ ಎಂದು ಬಲ್ಲ ಮೂಲಗಳು ತಿಳಿಸಿವೆ. ಆದ್ದರಿಂದ ಅಂದು ಬೆಳಗ್ಗೆಯೂ ನಾನು ಸಹಜವಾಗಿಯೇ, "ಯಾರು ಕೇಳಿದ್ದು ನಿಮ್ಮನ್ನ?" ಎಂದೆ.

ಕೇಳಿದ್ದು ಗುರುಗ್ರಾಮದ ಒಂದು ಪ್ರತಿಷ್ಠಾನ. ಅದು ಮುಕ್ತ ಸ್ಪರ್ಧೆಯೊಂದನ್ನು ಕರೆದಿತ್ತು. ಗೆದ್ದವರ ತಂಗುದಾಣವನ್ನು ಕಣಿವೆಯಲ್ಲಿ ನಿಜವಾಗಿಯೂ ಕಟ್ಟಿಸುತ್ತಾರೆ, ವಿನ್ಯಾಸಕಾರರ ಹೆಸರನ್ನು ಫಲಕದ ಮೇಲೆ ಬರೆಸುತ್ತಾರೆ. ಪ್ರಕಟಣೆಯಲ್ಲಿ 'ಸುಸ್ಥಿರ' ಎಂಬ ಪದ ಪ್ರತಿ ಸಾಲಿನಲ್ಲೂ ಇತ್ತು. ನನ್ನ ಮೇಜಿಗೆ ಬಂದಿದ್ದರೆ ಒಂದನ್ನು ಉಳಿಸಿ ಮಿಕ್ಕವನ್ನು ಹೊಡೆಯುತ್ತಿದ್ದೆ. ಪ್ರಕಟಣೆಯನ್ನು ಗಟ್ಟಿಯಾದ ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿ, ಜೊತೆಗೊಂದು ಬಿದಿರಿನ ಪೆನ್ನಿಟ್ಟು, ಎರಡನ್ನೂ ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಆ ಲಕೋಟೆಯನ್ನು ಇನ್ನೊಂದು ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಕಳಿಸಿದ್ದರು. ಪರಿಸರಕ್ಕೆ ಧಕ್ಕೆಯಾಗಬಾರದೆಂಬ ಕಾಳಜಿ ಇರಬೇಕು.

"ಹೆಸರು ಬರೆಸ್ತಾರಂತೆ," ಎಂದರು ದಿವಾಕರ್ ಎರಡನೇ ಸಲ. ಆಗ ನಾನು ಚಮಚ ಕೆಳಗಿಟ್ಟೆ.

ದಿವಾಕರ್ ಸರ್ಕಾರಿ ಇಂಜಿನಿಯರ್. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. "ಸುಮಾ, ಇಷ್ಟು ವರ್ಷದಲ್ಲಿ ನಾನು ಕಟ್ಟಿಸಿದ್ದೆಲ್ಲ ಎಂತದು ಹೇಳು? ನೀರಿನ ಟ್ಯಾಂಕು, ಕಾಂಪೌಂಡು, ಸೈಕಲ್ ಸ್ಟ್ಯಾಂಡು. ಇದನ್ನ ಮಾಡಿದ್ದು ಯಾರು ಅಂತ ಒಬ್ಬ ಕೇಳಿದ್ದುಂಟಾ? ಸೋರಿದಾಗ ಮಾತ್ರ ಕೇಳ್ತಾರೆ" ಎಂದರು. ಈ ಹೇಳಿಕೆಯನ್ನು ನಾನು ಪರಿಶೀಲಿಸಿದೆ. ಸರಿಯಾಗಿಯೇ ಇತ್ತು. ನಮ್ಮ ಬ್ಲಾಕಿನ ಟ್ಯಾಂಕೇ ಅವರದು. ಅದರ ಕೆಳಗೆ ಇಷ್ಟು ವರ್ಷ ಸಂಸಾರ ಮಾಡಿದ ನಾನು ಕೂಡ ಒಮ್ಮೆಯೂ ಅದನ್ನು ತಲೆಯೆತ್ತಿ ನೋಡಿರಲಿಲ್ಲ. ಒಂದೇ ಒಂದು ಕಟ್ಟಡದ ಮೇಲೆ ತನ್ನ ಹೆಸರಿರಲಿ ಎಂದು ಒಬ್ಬ ಮನುಷ್ಯ ಆಸೆಪಟ್ಟರೆ ಅದಕ್ಕೆ ಆಧಾರ ಕೇಳಬಾರದು. ಕೇಳಲಿಲ್ಲ. ಮುಂದಿನದೆಲ್ಲ ಅದರ ಫಲ.

ಆ ವಾರವೇ ಊಟದ ಮೇಜು ನಮ್ಮ ಕೈತಪ್ಪಿತು. ತಂಗುದಾಣದ ಪುಟ್ಟ ಮಾದರಿ ಮಾಡಲೆಂದು ಅದರ ಮೇಲೆ ರಟ್ಟು, ಗೋಂದು, ಬ್ಲೇಡು, ಬೆಂಕಿಕಡ್ಡಿಗಳು ಬೀಡುಬಿಟ್ಟವು. ನಾವು ಸೋಫಾದಲ್ಲಿ ಸಾಲಾಗಿ ಕೂತು, ರೈಲಿನಲ್ಲಿ ಹೋಗುವವರಂತೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದೆವು. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ಅನಘಾ, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿಕೊಡುವ ಹೊಣೆ ಹೊತ್ತಳು. ದಿಲ್ಲಿಯಲ್ಲೇ ಬೆಳೆದ ಅವಳ ಕನ್ನಡ ಅರ್ಧ ದಾರಿಯಲ್ಲಿ ಬಸ್ಸು ಬದಲಾಯಿಸುತ್ತದೆ. "ಪಪ್ಪಾ, ಕಲ್ಲು ಊರಿಂದ ತರ್ಸೋದಾ? ಮಜಾಕ್ ಹೈ ಕ್ಯಾ? ಲೋಕಲ್ ಮೆಟೀರಿಯಲ್ ಹಾಕ್ಬೇಕು, ಸಮ್ಝೋ ನಾ!" ಎಂದು ಮೊದಲ ದಿನವೇ ಗದರಿದಳು. ದಿವಾಕರ್ ಗೋಡೆಗಳಿಗೆ ಕೆಂಪು ಮುರಕಲ್ಲು ಸೂಚಿಸಿದ್ದರು. ಅವರು ಹುಟ್ಟಿದ್ದು ಕುಂದಾಪುರದ ಕಡೆ. ಅಲ್ಲಿ ಗೋಡೆಯೆಂದರೆ ಮುರಕಲ್ಲು. ಅದನ್ನು ಕರಾವಳಿಯಿಂದ ಹಿಮಾಲಯಕ್ಕೆ ಲಾರಿಯಲ್ಲಿ ಸಾಗಿಸುವುದು ಪರಿಸರಕ್ಕೆ ಒಳ್ಳೆಯದಲ್ಲ ಎಂಬುದನ್ನು ಅವರು ಒಪ್ಪಲು ಒಂದು ವಾರ ಹಿಡಿಯಿತು. ಒಪ್ಪಿದ ಮೇಲೂ, "ಕಲ್ಲು ಮಾತ್ರ ಒಳ್ಳೇದು" ಎಂದು ಆಗಾಗ ಗೊಣಗುತ್ತಿದ್ದರು.

ಸಲಹಾ ಮಂಡಳಿಯ ಮೂರನೆಯ ಸದಸ್ಯರು ವಾಸು ಭಾವ. ದಿವಾಕರರ ದೊಡ್ಡಪ್ಪನ ಮಗ. ಹತ್ತಿರದ ಮಾರ್ಕೆಟ್ಟಿನಲ್ಲಿ ಅವರದೊಂದು ದೋಸೆ ಹೋಟೆಲು ಇದೆ. ಪ್ರತಿ ಭಾನುವಾರ ಮಧ್ಯಾಹ್ನ ಹೋಟೆಲಿನ ಗದ್ದಲ ಇಳಿದ ಮೇಲೆ ಸಾಂಬಾರಿನ ಡಬ್ಬಿ ಹಿಡಿದು ಬಂದು, ಮಾದರಿಯ ಮುಂದೆ ಕೈಕಟ್ಟಿ ನಿಂತು, ತಿರುಪತಿಯಲ್ಲಿ ನಿಂತಷ್ಟು ಹೊತ್ತು ನಿಲ್ಲುತ್ತಿದ್ದರು. ಚಾರಣ ಎಂದರೇನೆಂದು ಅವರಿಗೆ ವಿವರಿಸಬೇಕಾಯಿತು.

"ಬಸ್ಸು ಹೋಗುದಿಲ್ವಾ ಅಲ್ಲಿಗೆ?"

"ಇಲ್ಲ ದೊಡ್ಡಪ್ಪ, ನಡ್ಕೊಂಡೇ ಹೋಗೋದು. ವಹೀ ತೋ ಮಜಾ ಹೈ," ಎಂದಳು ಅನಘಾ.

"ಅಲ್ಲಿ ದೇವಸ್ಥಾನ ಉಂಟಾ?"

"ಇಲ್ಲ."

"ಮತ್ತೆ ಎಂತಕ್ಕೆ ಹೋಗುದು ಮಾರಾಯ್ತಿ?"

ಈ ಪ್ರಶ್ನೆಗೆ ಸಮಾಧಾನಕರ ಉತ್ತರ ಈವರೆಗೆ ಲಭ್ಯವಾಗಿಲ್ಲ. ಆದರೆ ವಾಸು ಭಾವ ಕಾರಣ ಗೊತ್ತಿಲ್ಲದೆಯೂ ಕೆಲಸಕ್ಕೆ ಕೈಹಾಕುವವರು. ಹೊಗೆ ಹೋಗುವ ಕಿಂಡಿ ಎಲ್ಲಿರಬೇಕು, ಪಾತ್ರೆ ತೊಳೆಯುವ ಕಟ್ಟೆ ಎಷ್ಟು ಎತ್ತರವಿರಬೇಕು ಎಂದೆಲ್ಲ ತೋರಿಸಿದರು. ನೀರಿಲ್ಲದ ಪಾಯಿಖಾನೆಯ ಚರ್ಚೆ ಬಂದಾಗ ಮಾತ್ರ, ಸಾಂಬಾರು ಮುಗಿಯುವ ತನಕ ಆ ಕಡತವನ್ನು ಮುಂದೂಡಬೇಕೆಂದು ಕೋರಿದರು. ಅವರ ದೊಡ್ಡ ಕೊಡುಗೆ ಜಗಲಿ. "ದಿವಾಕರ, ಎಲ್ಲ ಸರಿ ಉಂಟು. ಆದ್ರೆ ಬಂದವರು ಕೂತ್ಕೊಳ್ಳುದು ಎಲ್ಲಿ? ನಡೆದು ಬಂದವ ಸೀದಾ ಒಳಗೆ ನುಗ್ಗುದಾ? ಒಂದು ಜಗಲಿ ಬೇಕು ಮಾರಾಯ. ಚಪ್ಪಲಿ ಬಿಚ್ಚಿ, ಬೆವರು ಒರೆಸಿ, ಒಂದು ಲೋಟ ನೀರು ಕುಡಿದು ಆಮೇಲೆ ಒಳಗೆ." ದಿವಾಕರ್ ಪುಳಕಿತರಾದರು. ಜಗಲಿ ಬಂತು. ಜಗಲಿ ಬಂದ ಮೇಲೆ ಅದು ನೆನೆಯದಂತೆ ಸೂರನ್ನು ಮುಂದಕ್ಕೆ ಚಾಚಿದರು. ಸೂರು ಚಾಚಿದ ಮೇಲೆ ಮಾಡನ್ನು, ಅಂದರೆ ಚಾವಣಿಯನ್ನು, ಇನ್ನಷ್ಟು ಇಳಿಜಾರು ಮಾಡಿದರು. ಇಳಿದ ನೀರು ಹೋಗಲು ಸುತ್ತ ಅಗಳು ತೋಡಿದರು. ಮಾಡು ಹೀಗೇ ಇರಬೇಕೇ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ದಿವಾಕರ್, ವಾಸು ಭಾವ, ನಾನು ಮೂವರೂ ಕರಾವಳಿಯಲ್ಲಿ ಹುಟ್ಟಿದವರು. ಸೂರ್ಯ ಮೂಡುತ್ತಾನೋ ಇಲ್ಲವೋ ಎಂದು ಯಾರೂ ಸಭೆ ಕರೆಯುವುದಿಲ್ಲ. ಮಾಡಿನ ಮಾದರಿಗೆ ವಾಸು ಭಾವ ತಮ್ಮ ಹೋಟೆಲಿನ ಪಾರ್ಸೆಲ್ ಡಬ್ಬಿಯ ರಟ್ಟು ಕೊಟ್ಟರು. ಒಳಮೈಯಲ್ಲಿ ತುಸು ಚಟ್ನಿಯ ಪರಿಮಳವಿತ್ತು.

ಮಾದರಿಯ ಜೊತೆ ಒಂದು ಟಿಪ್ಪಣಿ ಕೊಡಬೇಕಿತ್ತು, ವಿನ್ಯಾಸದ ಆಶಯ ತಿಳಿಸುವಂಥದ್ದು. ದಿವಾಕರ್ ಬರೆದದ್ದನ್ನು ಓದಿದೆ. 'ಸದರಿ ತಂಗುದಾಣವು ಬಳಕೆದಾರರ ಉಪಯೋಗಕ್ಕಾಗಿ ಬಳಕೆಯಾಗತಕ್ಕದ್ದು' ಎಂದು ಶುರುವಾಗಿತ್ತು. ಅದನ್ನು ಕಿತ್ತುಕೊಂಡು ನಾನೇ ಬರೆಯಲು ಕೂತೆ. ವರ್ಷಗಟ್ಟಲೆ ಬೇರೆಯವರ ವಿಶೇಷಣ ಹೊಡೆದವಳಿಗೆ ಒಳಗೆಲ್ಲೋ ಅವು ದಾಸ್ತಾನಾಗಿರುತ್ತವೆ ಎಂದು ಅಂದೇ ತಿಳಿದದ್ದು. ಒಂದೇ ಸಮನೆ ಬಂದವು. 'ದಣಿದ ಚಾರಣಿಗ ಜಗಲಿಯಲ್ಲಿ ಕೂತು, ಸೂರಿನಂಚಿನಿಂದ ಮಳೆಹನಿಗಳು ಮಣಿಸರದಂತೆ ಇಳಿಯುವುದನ್ನು ನೋಡುತ್ತಾನೆ. ಆ ಸದ್ದಿನಲ್ಲಿ ಅವನ ಹಾದಿಯ ಆಯಾಸ ಕರಗುತ್ತದೆ' ಎಂದು ಬರೆದೆ. ದಿವಾಕರ್ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ನೀನು ಇಷ್ಟು ಚೆಂದ ಬರೀತೀ ಅಂತ ಗೊತ್ತಿರ್ಲಿಲ್ಲ" ಎಂದರು. ನನಗೂ ಗೊತ್ತಿರಲಿಲ್ಲ. ನಾನೂ ಇನ್ನೊಮ್ಮೆ ಓದಿಕೊಂಡು ಸಂತೋಷಪಟ್ಟೆ. ಮಣಿಸರವನ್ನು ಹೊಡೆಯಬೇಕೆಂದು ಕೂಡ ಅನಿಸಲಿಲ್ಲ.

ನಮ್ಮದು ಅಂತಿಮ ಸುತ್ತಿಗೆ ಆಯ್ಕೆಯಾಯಿತು. ಮಾದರಿಯನ್ನು ಗುರುಗ್ರಾಮಕ್ಕೆ ಒಯ್ದು ತೀರ್ಪುಗಾರರ ಮುಂದೆ ವಿವರಿಸಬೇಕಿತ್ತು. ಅನಘಾಳೂ ನಾನೂ ಜೊತೆಗೆ ಹೊರಟೆವು. ಕ್ಯಾಬಿನ ಹಿಂದಿನ ಸೀಟಿನಲ್ಲಿ ದಿವಾಕರ್ ಅದನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆ ದಿಬ್ಬಣದಲ್ಲಿ ಕಳಶ ಹಿಡಿದವರಂತೆ ಮಿಸುಕದೆ ಕೂತರು. ಧೌಲಾ ಕುವಾಂ ಹತ್ತಿರ ವಾಹನಗಳು ನಿಂತೇ ಬಿಟ್ಟವು. ಚಾಲಕ ಕನ್ನಡಿಯಲ್ಲಿ ನೋಡಿ, "ಅಂಕಲ್ ಜೀ, ಮಂದಿರ್ ಹೈ ಕ್ಯಾ?" ಎಂದು ಭಕ್ತಿಯಿಂದ ಕೇಳಿದ. "ನಹೀ ಭಯ್ಯಾ, ಪಹಾಡ್ ಪೆ ಘರ್ ಹೈ" ಎಂದರು ದಿವಾಕರ್. "ಅಚ್ಛಾ, ಪಹಾಡ್ ಪೆ ಪ್ಲಾಟ್ ಲೇ ಲಿಯಾ!" ಎಂದು ಆತ, ಬೆಟ್ಟದಲ್ಲಿ ಸೈಟು ಕೊಂಡವರೆಂದು ನಮ್ಮನ್ನು ಗೌರವದಿಂದ ನೋಡಿದ. ನಾವು ತಿದ್ದಲಿಲ್ಲ.

ಪ್ರತಿಷ್ಠಾನದ ಕಚೇರಿ ಗಾಜಿನ ಗೋಪುರವೊಂದರ ಮೇಲಿನ ಮಹಡಿಯಲ್ಲಿತ್ತು. ಅಲ್ಲಿಯ ಕಿಟಕಿಗಳು ತೆರೆಯುವಂಥವಲ್ಲ. ಏಪ್ರಿಲ್ ತಿಂಗಳಾದರೂ ಒಳಗೆ ಎಷ್ಟು ತಣ್ಣಗಿತ್ತೆಂದರೆ ಸಂಚಾಲಕರು ಉಣ್ಣೆಯ ಜಾಕೆಟ್ ಧರಿಸಿದ್ದರು. ಹಿಮಾಲಯದ ವಾತಾವರಣವನ್ನು ಅವರು ಕಚೇರಿಗೇ ತರಿಸಿಕೊಂಡಿದ್ದರೆಂದು ಕಾಣುತ್ತದೆ. ಕಣಿವೆಗೆ ಹೋಗಿ ಬಂದಿದ್ದೀರಾ ಎಂದು ವಿಚಾರಿಸಿದೆ. ಡ್ರೋನ್ ಹೋಗಿ ಬಂದಿದೆ ಎಂದರು. ಮೊದಲ ಸ್ಪರ್ಧಿಯದು ಮೊಟ್ಟೆಯಾಕಾರದ ತಂಗುದಾಣ. ಅದು 'ಉಸಿರಾಡುತ್ತದೆ' ಎಂದು ಆತ ಹಲವು ಸಲ ಹೇಳಿದ. ಎರಡನೆಯವರು ಗ್ರೇಟರ್ ನೋಯ್ಡಾದ ಕಾಲೇಜೊಂದರ ಯುವ ಅಧ್ಯಾಪಕರು. ಅವರ ಚಾವಣಿ ಮೇಲ್ಮುಖವಾಗಿ ತೆರೆದ ದೊಡ್ಡ ಬಟ್ಟಲಿನ ಹಾಗಿತ್ತು. ಮಳೆನೀರೆಲ್ಲ ಅದರಲ್ಲಿ ಕೂಡಿ, ಕೆಳಗಿನ ತೊಟ್ಟಿ ಒಂದೇ ಋತುವಿನಲ್ಲಿ ತುಂಬುತ್ತದೆ ಎಂದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಮುಂದಿನ ಸರದಿ ದಿವಾಕರರದು. ಅವರ ಮುಖ ಸಣ್ಣದಾದದ್ದನ್ನು ನಾನು ನೋಡಿದೆ.

ಈಗ ನಡೆದದ್ದನ್ನು ನಡೆದಂತೆಯೇ ವರದಿ ಮಾಡುತ್ತೇನೆ. 'ಯಾರಾದರೂ ಪ್ರಶ್ನೆ ಕೇಳುವುದಿದೆಯೇ?' ಎಂದರು ಸಂಚಾಲಕರು. ಅಂಥ ಕರೆ ಬಂದಾಗ ಯಾರೂ ಕೇಳದಿರುವುದು ಸಭ್ಯತೆ. ಆದರೆ ಒಂದು ಋತುವಿನಲ್ಲಿ ತುಂಬುವ ತೊಟ್ಟಿ ನನ್ನ ಮೇಜನ್ನು ದಾಟಿ ಹೋಗುವಂಥದ್ದಲ್ಲ. ಮೇಲಾಗಿ ಈ ಚಪ್ಪಾಳೆ ಸ್ವಲ್ಪ ಇಳಿದರೆ ನಮ್ಮವರಿಗೆ ಒಳ್ಳೆಯದು. ಎದ್ದು ನಿಂತು, "ತೊಟ್ಟಿ ತುಂಬುತ್ತದೆ ಎಂದಿರಿ. ಆ ಕಣಿವೆಯಲ್ಲಿ ಮಳೆ ಎಷ್ಟು ಬೀಳುತ್ತದೆ? ನಿಮ್ಮ ಮಾಹಿತಿಯ ಮೂಲ ಯಾವುದು?" ಎಂದು ಕೇಳಿದೆ.

ಅಧ್ಯಾಪಕರು ಕಾಗದ ತಿರುವಿದರು. ಮತ್ತೆ ತಿರುವಿದರು. ತೀರ್ಪುಗಾರರ ಪೈಕಿ ಬೆಳ್ಳಿಗೂದಲಿನ ಒಬ್ಬ ಮಹಿಳೆಯಿದ್ದರು. ಅಲ್ಲಿದ್ದವರಲ್ಲಿ ಬೆಟ್ಟದಲ್ಲಿ ನಡೆದಾಡಿದವರು ಅವರೊಬ್ಬರೇ. ಅವರು ತುಸು ಅಚ್ಚರಿಯಿಂದಲೇ ಹೇಳಿದರು: "ಮಳೆಯೇ? ಅಲ್ಲಿ ಮಳೆ ಬರುವುದೇ ಇಲ್ಲವಲ್ಲ. ಮೋಡಗಳೆಲ್ಲ ಬೆಟ್ಟದ ಈ ಬದಿಯಲ್ಲೇ ಖಾಲಿಯಾಗುತ್ತವೆ. ಅದು ಚಳಿಯ ಮರುಭೂಮಿ. ಅಲ್ಲಿಯ ಮನೆಗಳ ಚಾವಣಿಯೆಲ್ಲ ಸಪಾಟು. ಬಹಳ ಒಳ್ಳೆಯ ಪ್ರಶ್ನೆ, ಮೇಡಂ."

ಸಭೆ ನನ್ನತ್ತ ಮೆಚ್ಚುಗೆಯಿಂದ ನೋಡಿತು. ಅನಘಾ ನನ್ನ ಸೆರಗು ಜಗ್ಗಿದಳು. "ಅಮ್ಮಾ, ಯೇ ಕ್ಯಾ ಕರ್ ದಿಯಾ! ನೆಕ್ಸ್ಟ್ ಪಪ್ಪಾದು!"

ದಿವಾಕರ್ ಮಾದರಿಯನ್ನು ಎತ್ತಿಕೊಂಡು ಎದ್ದರು. ಇಳಿಜಾರು ಮಾಡು, ಮುಂದಕ್ಕೆ ಚಾಚಿದ ಸೂರು, ಸುತ್ತಲೂ ಅಗಳು, ಎದುರಿಗೆ ಜಗಲಿ. ಆ ಕೋಣೆಯಲ್ಲಿ ಅಷ್ಟು ಮಳೆಗೆ ಸಿದ್ಧವಾಗಿದ್ದ ವಸ್ತು ಇನ್ನೊಂದಿರಲಿಲ್ಲ. ಇದು ಸಾಲದೆಂಬಂತೆ ಸಂಚಾಲಕರು ವಿನ್ಯಾಸದ ಟಿಪ್ಪಣಿಯನ್ನು ಗಟ್ಟಿಯಾಗಿ ಓದತೊಡಗಿದರು. ಒಳ್ಳೆಯ ಕಂಠ. ಮಣಿಸರದ ಹತ್ತಿರ ಬಂದಾಗ ಅವರ ದನಿ ತಾನಾಗಿಯೇ ಕೆಳಗಿಳಿಯಿತು. ನಾನು ನೆಲದ ಹಾಸುಗಲ್ಲಿನ ವಿನ್ಯಾಸವನ್ನು ಗಮನಿಸುತ್ತಿದ್ದೆ.

"ಈ ಸೂರು ಇಷ್ಟು ಹೊರಗೆ ಯಾಕೆ ಚಾಚಿದೆ?" ಎಂದು ಬೆಳ್ಳಿಗೂದಲಿನ ಮಹಿಳೆ ಮೃದುವಾಗಿ ಕೇಳಿದರು.

"ಚಾಚದಿದ್ದರೆ ಗೋಡೆ ನೆನೆಯುತ್ತದೆ, ಮೇಡಂ."

"ಯಾವುದರಿಂದ?"

ದಿವಾಕರ್ ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ, ಸಿಟ್ಟಿದ್ದಿದ್ದರೆ ನಿಭಾಯಿಸುತ್ತಿದ್ದೆ. ಆಮೇಲೆ ತೀರ್ಪುಗಾರರತ್ತ ತಿರುಗಿ, "ನಾನು ಹುಟ್ಟಿದ ಕಡೆ ಮನೆ ಅಂದರೆ ಹೀಗೆಯೇ. ಬೇರೆ ಥರ ಇರಬಹುದು ಅಂತ ನನಗೆ ಹೊಳೆಯಲಿಲ್ಲ" ಎಂದರು. ಸರ್ಕಾರಿ ಸೇವೆಯಲ್ಲಿರುವ ಅಧಿಕಾರಿಯೊಬ್ಬರು ಇಷ್ಟು ನೇರವಾಗಿ ಉತ್ತರಿಸಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. ಆ ಕಣಿವೆಯಲ್ಲಿ ಬೀಸುವ ಗಾಳಿಗೆ ಸೂರು ಮಾತ್ರವಲ್ಲ, ಜಗಲಿಯಲ್ಲಿ ಕೂತವರೂ ಹಾರಿಹೋಗುತ್ತಾರೆ ಎಂದು ಆ ಮಹಿಳೆ ನಗುತ್ತ ವಿವರಿಸಿದರು. ದಿವಾಕರ್ ಅದನ್ನು ಬರೆದುಕೊಂಡರು.

ಕ್ಯಾಬ್ ಹಿಡಿದು ಮನೆಗೆ ಹಿಂದಿರುಗಿದೆವು. ಮನೆಯಲ್ಲಿ ವಾಸು ಭಾವ ಮೈಸೂರು ಪಾಕಿನೊಂದಿಗೆ ಕಾಯುತ್ತಿದ್ದರು. ವಿಷಯ ತಿಳಿದು, "ಮಳೆಯೇ ಇಲ್ಲದ ಊರು ಅಂತ ಉಂಟಾ?" ಎಂದು ದಿಗ್ಭ್ರಮೆಗೊಂಡರು. ಆಮೇಲೆ, "ಇದನ್ನ ಅಲ್ಲಿ ಯಾರು ಕೇಳಿದ್ದು ಮೊದಲು?" ಎಂದರು. ಅನಘಾ ಉತ್ತರಿಸುವ ಮೊದಲೇ ನಾನು ಮೈಸೂರು ಪಾಕು ಚೆನ್ನಾಗಿದೆ ಎಂದೆ. ಯಾವತ್ತಿನದಕ್ಕಿಂತ ಎಂದು ಯಾರೂ ಕೇಳಲಿಲ್ಲ.

ಮೊದಲ ಬಹುಮಾನ ಮೊಟ್ಟೆಗೆ ಹೋಯಿತು. ಅದನ್ನು ಇಡಿಯಾಗಿಯೇ ತಯಾರಿಸಿ ಲಾರಿಯಲ್ಲಿ ಕಳಿಸಿದರು. ಬೆಟ್ಟದ ರಸ್ತೆಯ ತಿರುವೊಂದರಲ್ಲಿ ಲಾರಿ ಹೊರಳಲಾರದೆ, ಮೊಟ್ಟೆಯನ್ನು ರಸ್ತೆ ಬದಿಯ ಢಾಬಾ ಪಕ್ಕದಲ್ಲಿ ಇಳಿಸಿದ್ದಾರೆ. ಢಾಬಾದವರು ಅದರಲ್ಲಿ ಈರುಳ್ಳಿ ಇಡುತ್ತಾರೆಂದು ತಿಳಿದುಬಂದಿದೆ. ಅದು ಉಸಿರಾಡುವುದರಿಂದ ಈರುಳ್ಳಿ ಕೆಡುವುದಿಲ್ಲವಂತೆ. ನಮ್ಮದಕ್ಕೆ ಪ್ರೋತ್ಸಾಹಕರ ಬಹುಮಾನ ಬಂತು. 'ಸ್ಥಳಕ್ಕೆ ಹೊಂದುವುದಿಲ್ಲ, ಆದರೆ ಆತ್ಮೀಯವಾಗಿದೆ' ಎಂಬುದು ತೀರ್ಪು. ಸಂಚಾಲಕರಿಗೆ ಅದು ಫೋಟೋದಲ್ಲಿ ಚೆನ್ನಾಗಿ ಕಂಡಿತ್ತು. ಆದ್ದರಿಂದ ಪ್ರತಿಷ್ಠಾನದ ವಾರ್ಷಿಕೋತ್ಸವಕ್ಕೆಂದು, ಗೋಪುರದ ಪಕ್ಕದ ಖಾಲಿ ಜಾಗದಲ್ಲಿ, ರಸ್ತೆಗೆ ಮುಖಮಾಡಿ, ಪೂರ್ಣ ಗಾತ್ರದಲ್ಲೇ ಕಟ್ಟಿಸಿದರು. ಚಾರಣಿಗರ ತಂಗುದಾಣ ಎಂದು ಫಲಕ ಹಾಕಿ, ಕೆಳಗೆ ದಿವಾಕರರ ಹೆಸರು ಬರೆಸಿದರು. ಉತ್ಸವ ಮುಗಿಯಿತು. ಕೆಡವಲು ಯಾರಿಗೂ ನೆನಪಾಗಲಿಲ್ಲ.

ಜುಲೈಯಲ್ಲಿ ಮಳೆ ಹಿಡಿಯಿತು. ಗುರುಗ್ರಾಮದಲ್ಲಿ ಮಳೆ ಬಂದರೆ ರಸ್ತೆಗಳು ಹೊಳೆಯಾಗುತ್ತವೆ. ಗಾಜಿನ ಗೋಪುರಗಳಿಗೆ ಸೂರೆಂಬುದೇ ಇಲ್ಲ, ಅವುಗಳ ಬಾಗಿಲಲ್ಲಿ ನಿಂತರೆ ಕಾವಲುಗಾರ ಅಟ್ಟುತ್ತಾನೆ. ಊಟದ ಪೊಟ್ಟಣ ತಲುಪಿಸುವ ಬೈಕಿನವರು, ಬೆನ್ನಿಗೆ ದೊಡ್ಡ ಚೀಲ ಹೊತ್ತವರು, ಒಬ್ಬೊಬ್ಬರಾಗಿ ಬಂದು ಆ ಜಗಲಿಯಲ್ಲಿ ಕೂರತೊಡಗಿದರು. ಅನಘಾ ಆಫೀಸಿನಿಂದ ಬರುವಾಗ ನೋಡಿ ಸುದ್ದಿ ತಂದಳು. "ಪಪ್ಪಾ, ಫುಲ್ ಹೌಸ್! ಒಂದು ಹನಿ ಒಳಗೆ ಬರಲ್ಲ, ಸಚ್ಚೀ!" ಅವತ್ತಿನಿಂದ ದಿವಾಕರ್ ಭಾನುವಾರಗಳಲ್ಲಿ ಮೆಟ್ರೋ ಹತ್ತಿ ಅಲ್ಲಿಗೆ ಹೋಗುತ್ತಾರೆ. ಇತ್ತೀಚೆಗೆ ನಿವೃತ್ತರೂ ಆಗಿದ್ದಾರೆ. ತಾವು ಯಾರೆಂದು ಅಲ್ಲಿ ಹೇಳಿಲ್ಲ. "ಯಾಕೆ ಹೇಳಲ್ಲ? ಫಲಕ ತೋರಿಸಿ" ಎಂದೆ. ಫಲಕದ ಮೊಳೆಗೆ ಯಾರೋ ಒದ್ದೆ ರೇನ್‌ಕೋಟು ತೂಗುಹಾಕಿರುತ್ತಾರಂತೆ, ಹೆಸರು ಕಾಣುವುದಿಲ್ಲವಂತೆ. "ತೆಗೆಸಿ ಮತ್ತೆ!" ಎಂದೆ. "ಒಣಗ್ಲಿ ಬಿಡು, ಪಾಪ" ಎಂದರು.

ಈ ನಡುವೆ ಪ್ರತಿಷ್ಠಾನದಿಂದ ನನಗೊಂದು ಆಹ್ವಾನ ಬಂದಿದೆ. ಮುಂದಿನ ಸ್ಪರ್ಧೆಗೆ ತೀರ್ಪುಗಾರಳಾಗಬೇಕಂತೆ. ನನ್ನ ಪ್ರಶ್ನೆ ಅವರಿಗೆ ಅಷ್ಟು ಹಿಡಿಸಿದೆ. ಈ ಸಲದ ತಂಗುದಾಣ ಉಪ್ಪಿನ ಬಯಲಿನಲ್ಲಿ. ನಾನು ಉಪ್ಪಿನ ಬಯಲನ್ನು ನೋಡಿದವಳಲ್ಲ. ಒಪ್ಪಿಕೊಂಡಿದ್ದೇನೆ.

ಕಳೆದ ಭಾನುವಾರ ದಿವಾಕರ್ ಹೊರಟಾಗ ಬಾಗಿಲ ಬಳಿ ಛತ್ರಿ ಹುಡುಕುತ್ತಿದ್ದರು. ಮಳೆ ಬರುವುದಿಲ್ಲ, ನಮ್ಮ ಮೇಜಿಗೆ ಹವಾಮಾನ ವರದಿ ಬಂದಿದೆ, ನಾನೇ ತಿದ್ದಿದ್ದೇನೆ, ಸುಮ್ಮನೆ ಹೊರೆ ಬೇಡ ಎಂದು ಹೇಳಿ ಕಳುಹಿಸಿದೆ. ಗುರುಗ್ರಾಮದಲ್ಲಿ ಸಂಜೆಯ ತನಕ ಮಳೆ ಸುರಿಯಿತು. ದಿವಾಕರ್ ತಲೆಯಿಂದ ಕಾಲಿನವರೆಗೆ ತೊಯ್ದು ಮನೆಗೆ ಬಂದರು. ಜಗಲಿಯಲ್ಲಿ ಜಾಗ ಇರಲಿಲ್ಲ.